ಕಂಬಳಿಯ ಮೇಲೆ ಹೇಳಿದ ಹೆಸರುಗಳು

ಮೊನ್ನೆ ಅಟ್ಟದಿಂದ ಹಳೆಯ ಕರಿ ಕಂಬಳಿ ಇಳಿಸಿ ಕೊಡವಿದೆ. ಉಣ್ಣೆಯ ಕಮಟಿನ ಜೊತೆ ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ನಡುವೆ ಕಾಸಗಲ ಸುಟ್ಟ ಗುರುತು... ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಕ್ಕನ ಕಂಬಳಿ ಅದು.

ಶಿರಾ ಕಡೆಯವರು. ಹೊರದೇಶದ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ದುಡಿದಿದ್ದರು. ಅಲ್ಲಿ ಯುದ್ಧ ಹೊತ್ತಿಕೊಂಡಾಗ ಪರದೇಶದ ನರ್ಸುಗಳನ್ನೆಲ್ಲ ಬಸ್ಸು ಹತ್ತಿಸಿದರಂತೆ. ಹಾಸಿಗೆಯಿಂದ ಏಳಲಾರದವರು ವಾರ್ಡಿನಲ್ಲೇ ಉಳಿದರು. ಮರುದಿನ ಆಸ್ಪತ್ರೆಯ ಮೇಲೆ ಬಾಂಬು ಬಿತ್ತು. ಗಡಿಯಲ್ಲಿ ಕಾಗದಪತ್ರ ಕಿತ್ತುಕೊಳ್ಳುತ್ತಾರೆಂದು ಆ ರೋಗಿಗಳ ಹೆಸರನ್ನೆಲ್ಲ ನರ್ಸಕ್ಕ ಬಾಯಿಪಾಠ ಮಾಡಿಕೊಂಡು ಬಂದಿದ್ದರು.

"ಮೇಷ್ಟ್ರೇ, ಯುದ್ಧದ ಕೇಸು ನೋಡೋ ದೊಡ್ಡ ಕೋರ್ಟು ನನ್ನ ಸಾಕ್ಷಿಗೆ ಯಾವಾಗ ಕರೀತದೆ?" ಎಂದು ಕಾಂಪೌಂಡಿನಾಚೆಯಿಂದ ಕೇಳುತ್ತಿದ್ದರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನಿಗೆ ಇದೆಲ್ಲ ಗೊತ್ತಿರುತ್ತದೆಂಬ ನಂಬಿಕೆ. ನನಗೋ ತಮಾಷೆ. "ಬಾಂಬ್ ಹಾಕಿದೋರು ಆ ಕೋರ್ಟಿಗೆ ಸೊಪ್ಪು ಹಾಕಲ್ಲ ಕಣಕ್ಕ. ಯುದ್ಧ ಮುಗಿಯೋ ಹೊತ್ತಿಗೆ ಕೋರ್ಟೇ ಇರುತ್ತೋ ಇಲ್ವೋ" ಎನ್ನುತ್ತಿದ್ದೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ.

ಆಮೇಲೆ ಅವರಿಗೆ ಕಾಯಿಲೆ ಬಲಿಯಿತು. ಒಂದು ಸಂಜೆ ಕಂಬಳಿ ಹೊತ್ತು ನಮ್ಮ ಮನೆಗೇ ಬಂದರು. "ಅವ್ರು ಕರಿಯೋಗಂಟ ನಾನಿರಲ್ಲ. ನಮ್ಮೂರಾಗೆ ಕಂಬಳಿ ಮ್ಯಾಲೆ ಕರ್ಪೂರ ಆರ್ಸಿ ಹೇಳಿದ್ದೇ ಸಾಕ್ಷಿ. ಕೇಳಿಸ್ಕೊಂಡೋರು ಅದ್ನ ಮುಂದುಕ್ಕೆ ಹೇಳ್ಬೇಕು. ಕೂತ್ಕಳಿ" ಎಂದರು.

ಕೂತೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಅವರು ಶುರು ಮಾಡಿದರು. ಕಾಲಿಲ್ಲದ ಹುಡುಗಿ, ಒಬ್ಬ ಬಾಣಂತಿ, ಹಲ್ಲುಸೆಟ್ಟು ಸಿಗದೆ ಎಲ್ಲರ ಮೇಲೂ ರೇಗುತ್ತಿದ್ದ ಅಜ್ಜ... ಒಬ್ಬೊಬ್ಬರದೂ ನಾಲಿಗೆಗೆ ದಕ್ಕದ ಹೆಸರು. ಅಜ್ಜಿಕಥೆಗೆ ಹೂಂಗುಟ್ಟುವ ಹಾಗೆ ನಾನು ಹೂಂ, ಹೂಂ ಎನ್ನುತ್ತಿದ್ದೆ. ಕಣ್ಣೆಲ್ಲ ಒಳಗಿನ ಟಿವಿಯ ಕ್ರಿಕೆಟ್ಟಿನ ಮೇಲೆ!

ಮುಗಿಸಿದಾಗ ಅವರ ಮುಖ ಹಗುರಾಗಿತ್ತು. "ಅವ್ರನ್ನ ಬುಟ್ಟು ಬಂದ ಪಾಪ ನಂದೇ. ಆದ್ರೂ ಹೆಸ್ರು ನಿಮ್ತಾವ ಅದಾವಲ್ಲ, ಸಾಕು ಬುಡಿ" ಎಂದು ಕಂಬಳಿಯನ್ನು ನಮ್ಮಲ್ಲೇ ಬಿಟ್ಟು ಹೋದರು. ಹೆಚ್ಚು ದಿನ ಉಳಿಯಲಿಲ್ಲ.

ಈಗ ಯುದ್ಧ ನಿಂತಿದೆ. ಇರುತ್ತೋ ಇಲ್ವೋ ಎಂದು ನಾನು ಗೇಲಿ ಮಾಡಿದ ಕೋರ್ಟು ಸಾಕ್ಷಿಗಳನ್ನು ಕರೆಯುತ್ತಿದೆ. ಆರೋಪಿಗಳು ಬರುವುದಿಲ್ಲ, ನಿಜ. ಬರದಿದ್ದರೂ ಸತ್ತವರ ಹೆಸರನ್ನಾದರೂ ದಾಖಲಿಸುತ್ತಾರಂತೆ. ಆ ಆಸ್ಪತ್ರೆಯಲ್ಲಿದ್ದವರ ಹೆಸರು ಬಲ್ಲವರು ಇದ್ದರೆ ತಿಳಿಸಿ ಎಂದು ಸುದ್ದಿಯಲ್ಲಿ ಬಂತು. ಅದಕ್ಕೇ ಕಂಬಳಿ ಇಳಿಸಿದ್ದು.

ಹಾಸಿ, ಅದೇ ಜಾಗದಲ್ಲಿ ಕೂತೆ. ಹಲ್ಲುಸೆಟ್ಟಿನ ಅಜ್ಜ ನೆನಪಿದ್ದಾನೆ. ಕಾಲಿಲ್ಲದ ಹುಡುಗಿ ನೆನಪಿದ್ದಾಳೆ. ಅವತ್ತು ಮ್ಯಾಚು ಗೆದ್ದವರು ಯಾರೆಂಬುದೂ ನೆನಪಿದೆ, ಹಾಳಾದ್ದು. ಹೆಸರು ಮಾತ್ರ... ಒಂದೂ ಬರಲಿಲ್ಲ.