ಮುನಿಗಳಿಲ್ಲದ ತೀರ್ಥ

ಅವ್ವನ ಹೊಟ್ಟೆಯ ಗಡ್ಡೆ ಕೈಮೀರಿದೆ, ಇನ್ನು ವಿಮಾನ ಹತ್ತಿಸಬೇಡಿ ಎಂದು ಡಾಕ್ಟರು ಹೇಳಿದ್ದು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಪರದೇಶದ ಸ್ಟರ್ಲಿಂಗ್ ಊರಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗಲೆಂದು ಬೆಳಗಾವಿ ಕಡೆಯಿಂದ ಬಂದಿದ್ದವಳು. ಸಾವಿಗೇನೂ ಅವಳು ಹೆದರಲಿಲ್ಲ. ಇದ್ದದ್ದು ಒಂದೇ ಆಸೆ: ದಿಗಂಬರ ಮುನಿಗಳೊಬ್ಬರ ಎದುರು ಕೈಮುಗಿದು, ಅಪ್ಪಣೆ ಪಡೆದು, ಸಲ್ಲೇಖನ ವ್ರತ ಹಿಡಿಯಬೇಕು, ಅನ್ನ ನೀರನ್ನು ತಾನಾಗಿ, ಹಂತ ಹಂತವಾಗಿ ಬಿಡುತ್ತ ಹೋಗಬೇಕು. ಅವಳ ತಾಯಿ ಹಾಗೇ ಹೋಗಿದ್ದಳು.

ನ್ಯೂಜೆರ್ಸಿಯ ಗುಡ್ಡದ ಮೇಲೆ ಜೈನರ ತೀರ್ಥಕ್ಷೇತ್ರವೊಂದಿದೆ ಎಂದು ಯಾರೋ ಹೇಳಿದರು. ಅವ್ವ ಎದ್ದು ಕೂತಳು.

"ತೀರ್ಥ ಅಂದಮ್ಯಾಗ ಮಹಾರಾಜ್ರು ಇದ್ದ ಇರ್ತಾರ," ಎಂದಳು. ನಮ್ಮ ಕಡೆ ಮುನಿಗಳನ್ನು ಮಹಾರಾಜರೆಂದೇ ಕರೆಯುವುದು. ನನಗೂ ನನ್ನ ಗಂಡನಿಗೂ ಹಾಗೇ ಅನಿಸಿತು. ಫೋನ್ ಮಾಡಿ ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಗುಡಿಗೆ ಹೋಗಲು ಅಪಾಯಿಂಟ್‌ಮೆಂಟ್ ಯಾರು ಕೇಳುತ್ತಾರೆ?

ಹಿಂದಿನ ಸೀಟಿನಲ್ಲಿ ದಿಂಬು ಒಟ್ಟಿ, ಅವಳನ್ನು ಒರಗಿಸಿ ಹೊರಟೆವು. ಕಲಶ, ತೆಂಗಿನಕಾಯಿ ಅವಳ ಮಡಿಲಲ್ಲೇ ಇದ್ದವು. ಆಹಾರಕ್ಕೆ ಬರುವ ಮುನಿಗಳನ್ನು ಬಾಗಿಲಲ್ಲಿ ನಿಂತು ಕರೆಯಲು ಅವು ಬೇಕು.

ಕ್ಷೇತ್ರ ಚೆನ್ನಾಗಿಯೇ ಇತ್ತು. ಮರಗಳು, ಅಮೃತಶಿಲೆಯ ತೀರ್ಥಂಕರರು, ದೊಡ್ಡ ಪಾರ್ಕಿಂಗ್ ಲಾಟ್. ಹೂ ಜೋಡಿಸುತ್ತಿದ್ದ ಗುಜರಾತಿ ಆಂಟಿಯೊಬ್ಬರನ್ನು ಹಿಂದಿಯಲ್ಲಿ ವಿಚಾರಿಸಿದೆ. ಅವರು ಮೆಲ್ಲಗೆ ಹೇಳಿದರು: ದಿಗಂಬರ ಮುನಿಗಳು ವಾಹನ ಹತ್ತುವುದಿಲ್ಲವಲ್ಲ, ಕಾಲ್ನಡಿಗೆಯವರು, ಸಮುದ್ರ ದಾಟಿ ಹೇಗೆ ಬಂದಾರು?

ಹುಟ್ಟಿದಾಗಿನಿಂದ ಮೂವರಿಗೂ ಗೊತ್ತಿದ್ದ ಸಂಗತಿ. ಆಸೆ ಎಂಬುದು ಅದನ್ನೂ ಮರೆಸಿತ್ತು. ನನಗೆ ಆ ಆಂಟಿಯ ಮೇಲೆ, ಆ ಮರಗಳ ಮೇಲೂ ಸಿಟ್ಟು ಬಂತು.

"ಅತ್ತೆ, ಇಂಡಿಯಾಗೆ ಕಾಲ್ ಮಾಡಿ ಪರ್ಮಿಷನ್ ತಗೊಳ್ಳೋಣ ಬಿಡಿ," ಎಂದ ಮೈಸೂರಿನವನಾದ ನನ್ನ ಗಂಡ.

"ಮಹಾರಾಜ್ರು ಫೋನ್ ಮುಟ್ತಾರೇನ್ರಿ?" ಎಂದಳು ಅವ್ವ.

ಎಲೆ ಉದುರುವ ಹೊತ್ತಿಗೆ ಗಂಜಿಯೂ ಅವಳ ಗಂಟಲಲ್ಲಿ ಇಳಿಯದಾಯಿತು. ನೋಡಲು ಬಂದ ನಮ್ಮವರೇ ಒಬ್ಬ ಆಂಟಿ, "ಎಂಥ ಪುಣ್ಯವಂತರು! ಸಲ್ಲೇಖನ ತಗೊಂಡಿದ್ದಾರೆ," ಎನ್ನುತ್ತ ಅವಳ ಪಾದ ಮುಟ್ಟಲು ಬಗ್ಗಿದರು. ನಾನು ಸುಮ್ಮನಿದ್ದೆ. ಅಷ್ಟು ಸುಳ್ಳಾದರೂ ಅವ್ವನ ಪಾಲಿಗಿರಲಿ ಅನಿಸಿತ್ತು.

ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡವ್ವಾ, ನಮಸ್ಕಾರ ಮಾಡಬ್ಯಾಡ. ನಾ ಎಲ್ಲಿ ಬಿಟ್ಟೇನಿ? ಅನ್ನಾನ ನನ್ನ ಬಿಟ್ಟೈತಿ."