ಬೀಗರ ಡ್ರೈವಿಂಗ್ ಪರೀಕ್ಷೆ

ಲೈಸೆನ್ಸ್ ಕಚೇರಿಯ ಪರೀಕ್ಷಕರಿಗೆ ಊರವರು ಇಟ್ಟ ಅಡ್ಡಹೆಸರು 'ಬೆಂಕಿಪೊಟ್ಟಣ'. ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ತಾಗಿದಂತೆ ಒಂದು ಖಾಲಿ ಬೆಂಕಿಪೊಟ್ಟಣ ಇಟ್ಟು, "ಈಗ ಹೊರಡಿ" ಎನ್ನುವರು. ಕಾರು ಹಿಂದೆ ಸರಿದು ಪೊಟ್ಟಣ ಅಪ್ಪಚ್ಚಿಯಾದರೆ ಅರ್ಜಿಯೂ ಅಪ್ಪಚ್ಚಿ. ತನ್ನ ಮಗುವನ್ನು ಯಾರ ಗಾಡಿಯಲ್ಲಿ ಕೂರಿಸಲಾರೆನೋ ಅವರ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನವೇ ಮೊಣಕಾಲೂರಿ ದೇವರಿಗೆ ಮಾತು ಕೊಟ್ಟಿದ್ದರು. ಇಪ್ಪತ್ತೆರಡು ವರ್ಷ ಆ ಮಾತು ಸಲೀಸಾಗಿ ನಡೆಯಿತು. ಕಷ್ಟವೆಲ್ಲ ಬೇರೆಯವರಿಗೆ ತಾನೇ, ನಡೆಯದೆ ಏನು?

ಆಮೇಲೊಂದು ಮಂಗಳವಾರ ಬೀಗರು ಬಂದರು.

ಬೀಗರೆಂದರೆ ಇನ್ನೂ ಆಗಬೇಕಾದವರು. ಆರು ವರ್ಷ ಹುಡುಕಿ, ಪ್ರಾರ್ಥಿಸಿ, ಕಡೆಗೆ ಮಗಳು ಮೆಚ್ಚಿದ ಮೇಷ್ಟ್ರೊಬ್ಬ ಸಿಕ್ಕಿದ್ದ. ಚರ್ಚಿನಲ್ಲಿ ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದಬೇಕು; ಎರಡು ಮುಗಿದಿದ್ದವು. ಆ ಮೇಷ್ಟ್ರ ತಂದೆ, ಎಪ್ಪತ್ತೆರಡು ದಾಟಿದವರು, ಲೈಸೆನ್ಸ್ ನವೀಕರಣಕ್ಕೆ ಬಂದು ನಿಂತಿದ್ದರು. ಕೋಪ ಮೂಗಿನ ತುದಿಯಲ್ಲೇ ಇರುವ ಮನುಷ್ಯ. ಮನೆಯಲ್ಲಿ ಅವರಿಗೆ ಎದುರಾಡಿದವರಿಲ್ಲ.

"ನೀವೇ ಇದ್ದೀರಲ್ಲ, ಒಳ್ಳೇದಾಯ್ತು. ಒಂದು ಸುತ್ತು ಹೊಡೆದ ಹಾಗೆ ಮಾಡೋಣ" ಎಂದರು ಬೀಗರು.

"ಹೊಡೆದ ಹಾಗೆ ಯಾಕೆ, ಹೊಡೆದೇ ಬಿಡೋಣ ಬನ್ನಿ."

ಏರಿನಲ್ಲಿ ಪೊಟ್ಟಣ ಉಳಿಯಿತು. ಪರೀಕ್ಷಕರಿಗೆ ಹೋದ ಜೀವ ಬಂದಂತಾಯಿತು. ತಿರುವಿನಲ್ಲಿ ಅಡ್ಡ ಇಟ್ಟಿದ್ದ ತಗಡಿನ ಡ್ರಮ್ಮಿನ ಮುಂದೆ ಬೀಗರು ಕಾರು ನಿಲ್ಲಿಸಿ ಹಾರ್ನ್ ಹೊಡೆದರು. ಡ್ರಮ್ಮು ಕದಲಲಿಲ್ಲ. ಮತ್ತೆ ಹೊಡೆದರು.

"ಎಂಥಾ ಮನುಷ್ಯನೋ, ಕಿವಿ ಕೇಳಲ್ವೇನೋ ಇವನಿಗೆ" ಎಂದು ಗೊಣಗಿದರು.

ಪರೀಕ್ಷಕರಿಗೆ ನಗುವೂ ಬಂತು, ಮಗಳ ಮದುವೆಯೂ ನೆನಪಾಯಿತು. 'ಕರ್ತನೇ, ಕೊಟ್ಟವನೂ ನೀನೇ, ಈಗ ವಾಪಸ್ ಕೇಳುತ್ತಿರುವವನೂ ನೀನೇ. ಯಾರ ಹತ್ತಿರ ದೂರು ಹೇಳಲಿ?' ಎಂದು ಮನಸ್ಸಿನಲ್ಲೇ ಜಗಳ ತೆಗೆದರು. ಏನು ಮಾಡಬೇಕೆಂಬುದು ಮಾತ್ರ ಅವರಿಗೆ ಗೊತ್ತೇ ಇತ್ತು.

"ಕಣ್ಣು ತೋರಿಸ್ಕೊಂಡು ಬನ್ನಿ ಬೀಗರೇ. ಈಗ ಸಹಿ ಹಾಕೋಕಾಗಲ್ಲ."

ಬೀಗರು ಬಾಗಿಲು ದಢಾರನೆ ಬಡಿದರು. "ನಿಮ್ಮ ಸಂಬಂಧ ಮಾಡೋವಾಗಲೇ ನಾನು ಕಣ್ಣು ಬಿಟ್ಟು ನೋಡಬೇಕಿತ್ತು" ಎಂದು ಹೊರಟೇ ಹೋದರು.

ಮನೆಯಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ರಲ್ಲ."

ಮಗಳು ಅಮ್ಮನ ಕೈ ಹಿಡಿದು ಕೂರಿಸಿದಳು. ಆಮೇಲೆ, "ಅಪ್ಪ, ಡ್ರಮ್ಮಿಗೆ ನಿಜವಾಗ್ಲೂ ಹಾರ್ನ್ ಹೊಡೆದ್ರಾ?" ಎಂದಳು.

"ಎರಡು ಸಲ ಕಣಮ್ಮ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ತಪ್ಪು ಮಾಡಿದಿರಿ ಎಂದು ಮಾತ್ರ ಹೇಳಲಿಲ್ಲ. ಅಪ್ಪನಿಗೆ ಅದೇ ಹೆಚ್ಚು ನೋವಾಯಿತು.

ಬೀಗರ ಮನೆಯಿಂದ ನಾಲ್ಕು ದಿನ ಒಂದು ಫೋನೂ ಇಲ್ಲ. ಭಾನುವಾರ ಅವರು ಹೆಂಡತಿ, ಮಗನೊಂದಿಗೆ ಚರ್ಚಿನೊಳಗೆ ಎದುರು ಸಾಲಿನಲ್ಲಿ ಮುಖ ಗಂಟುಹಾಕಿಕೊಂಡು ಕೂತಿದ್ದರು. ಪಾದ್ರಿಗಳು ಮೂರನೆಯ ಪ್ರಕಟಣೆ ಓದಿ, "ಆಕ್ಷೇಪ ಇರುವವರು ಈಗಲೇ ಹೇಳಬೇಕು" ಎಂದರು.

ಬೀಗರು ಏಳತೊಡಗಿದರು. ಪರೀಕ್ಷಕರು ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅಷ್ಟರಲ್ಲಿ ಬೀಗಿತ್ತಿ ಗಂಡನ ಅಂಗಿ ಹಿಡಿದೆಳೆದು, ತಾವೇ ಎದ್ದು ನಿಂತರು. ನಲವತ್ತು ವರ್ಷದ ಸಂಸಾರದಲ್ಲಿ ಅವರ ದನಿ ಅಷ್ಟು ಜೋರಾಗಿ ಕೇಳಿದವರಿಲ್ಲ.

"ಪಾದ್ರಿಗಳೇ, ಕಾರಲ್ಲಿ ಇವರ ಪಕ್ಕ ಹತ್ತು ವರ್ಷದಿಂದ ಕಣ್ಣು ಮುಚ್ಕೊಂಡು ಕೂರ್ತಿದ್ದೆ. ದೇವರೇ, ಯಾರಾದ್ರೂ ಇವರನ್ನ ನಿಲ್ಲಿಸಲಿ ಅಂತ ಪ್ರಾರ್ಥನೆ ಮಾಡ್ತಿದ್ದೆ. ಬಾಯಿ ಬಿಟ್ಟು ಹೇಳೋ ಧೈರ್ಯ ನನಗೂ ಇರಲಿಲ್ಲ, ಮಗನಿಗೂ ಇರಲಿಲ್ಲ. ಇವತ್ತು ಬಸ್ಸಲ್ಲಿ ಬಂದ್ವಿ, ದಾರಿಯುದ್ದಕ್ಕೂ ಕಣ್ಣು ಬಿಟ್ಕೊಂಡು ಬಂದೆ. ಮಗಳ ಮದುವೆನೇ ಹೋದ್ರೂ ಹೋಗ್ಲಿ ಅಂತ ನಿಂತವರ ಮನೆ ಹುಡುಗಿ ಬೇಡ ಅಂದ್ರೆ, ಇನ್ಯಾರ ಮನೆ ಹುಡುಗಿ ತರೋದು?"

ಅರ್ಧ ಎದ್ದಿದ್ದ ಬೀಗರು ಪೂರಾ ಕೂತರು.