ಅತ್ತೆ ಕೇಳಿದ ಪ್ರಶ್ನೆ

ಮಾಗಡಿಯ ನಮ್ಮ ಬೀದಿಯಲ್ಲಿ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ನೀರು ಹಾಕಿದವರು ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುತ್ತಾ ಆ ಮನೆಯವರಿಗೆಲ್ಲ ಬುದ್ಧಿ ಹೇಳುವುದು ಅವರ ಪದ್ಧತಿ. ಕೂಸು ಎಷ್ಟೇ ಕಿರುಚಿಕೊಂಡರೂ ಅತ್ತೆಯ ಮಾತು ಬೀದಿಗೆ ಕೇಳಿಸುತ್ತಿತ್ತು.

ನನ್ನ ಕೆಲಸವೋ, ಸುಮ್ಮನೆ ಕೂತು ಕೇಳುವುದನ್ನು ಜನಕ್ಕೆ ಕಲಿಸುವುದು. ಬಿದ್ದು ಗಾಯ ಮಾಡಿಕೊಂಡವರಿಗೆ ಡಾಕ್ಟರು ಸಿಗುವ ತನಕ ಪಕ್ಕದವರು ಒಂದಿಷ್ಟು ಉಪಚಾರ ಮಾಡುತ್ತಾರಲ್ಲ, ಮನಸ್ಸು ಕುಸಿದವರಿಗೂ ಹಾಗೆ ಮಾಡಲು ಬರಬೇಕು ಅನ್ನುವುದೇ ಈ ತರಬೇತಿ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರು, ಸಾತನೂರಿನಲ್ಲಿ ಡೈರಿಗೆ ಹಾಲು ಹಾಕುವವರು ಎಲ್ಲರಿಗೂ ಹೇಳಿಕೊಟ್ಟಿದ್ದೇನೆ. ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಹತ್ತಿರದ ಸಮುದಾಯ ಭವನದಲ್ಲೇ ತರಬೇತಿ ಇಟ್ಟುಕೊಂಡಾಗ, ಸೊಸೆ ಅದೇನು ಕಲಿಸುತ್ತಾಳೋ ನೋಡೋಣ ಅಂತ ಅತ್ತೆಯೂ ಬಂದು ಮುಂದಿನ ಸಾಲಿನಲ್ಲಿ ಕೂತರು.

ನಾನು ಬದುಕಿನಲ್ಲಿ ಬೇಸತ್ತ ಹೆಂಗಸಿನಂತೆ ನಟಿಸಬೇಕು, ಕಲಿಯಲು ಬಂದವರು ಸುಮ್ಮನೆ ಕೇಳಿಸಿಕೊಳ್ಳಬೇಕು, ಇಷ್ಟೇ ಆಟ. ನಾನು ಎರಡು ಮಾತು ಆಡುವುದರೊಳಗೆ ಅತ್ತೆ ಶುರುಮಾಡಿದರು. ಹೊಟ್ಟೆ ತುಂಬ ಮುದ್ದೆ ಉಣ್ಣು ಅಂದರು, ತವರಿಗೆ ಹೋಗಿ ಬಾ ಅಂದರು, ಮೊಬೈಲು ಬಿಸಾಕು ಅಂದರು. ಎಲ್ಲರೂ ಬಿದ್ದುಬಿದ್ದು ನಕ್ಕರು, ನನಗೂ ತಡೆಯಲಾಗಲಿಲ್ಲ. ಮತ್ತೊಮ್ಮೆ ಮಾಡಿಸಿದಾಗ ಪಾಪ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು.

ಆದರೆ ಒಂದು ವಿಷಯಕ್ಕೆ ಮಾತ್ರ ಅವರು ಒಪ್ಪಲಿಲ್ಲ. ಯಾರಾದರೂ ಬದುಕು ಸಾಕಾದಂತೆ ಮಾತಾಡಿದರೆ, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ನಾನು ಇದನ್ನು ವಿವರಿಸುತ್ತಿದ್ದ ಹಾಗೇ ಅತ್ತೆ ಎದ್ದು ನಿಂತರು.

"ಅಂಥ ಮಾತ ನಾನು ಆಡಾಕಿಲ್ಲ ಕಣವ್ವ. ಇಲ್ದೆ ಇರೋದ ತಲೆಗೆ ತುಂಬ್ದಂಗಾಯ್ತದೆ."

ಎಷ್ಟು ಹೇಳಿದರೂ ಅವರ ಮುಖ ಸಡಿಲವಾಗಲಿಲ್ಲ. ಮನೆಗೆ ಬರುವಾಗ ಹೂವು ಕೊಂಡುಕೊಂಡರು, ಬೇರೆ ಮಾತು ಆಡಿದರು. ನಾನೂ ಒತ್ತಾಯಿಸಲಿಲ್ಲ.

ಶ್ರಾವಣದಲ್ಲಿ ಎದುರು ಮನೆಯ ಹುಡುಗಿಗೆ ಹೆಣ್ಣು ಮಗುವಾಯಿತು. ಅವಳನ್ನು ಚನ್ನಪಟ್ಟಣಕ್ಕೆ ಕೊಟ್ಟಿದ್ದರು, ಬಾಣಂತನಕ್ಕೆ ತವರಿಗೆ ಬಂದಿದ್ದಳು. (ಅವಳೇ ಬರೆಯಿರಿ ಅಂದಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.) ಅತ್ತೆ ದಿನವೂ ಬೆಳಿಗ್ಗೆ ಹೋಗಿ ಕೂಸಿಗೆ ನೀರು ಹಾಕಿ ಬರುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಅಲ್ಲಿಂದ ಮನೆಗೆ ಬಂದು ಸುಮ್ಮನೆ ಕೂರತೊಡಗಿದರು. ನನ್ನ ಗಂಡ ಗಾಬರಿಯಾಗಿ, ಜ್ವರವೇನಾದರೂ ಬಂದಿದೆಯಾ ಎಂದು ಅವರ ಹಣೆ ಮುಟ್ಟಿ ನೋಡಿದರು.

ಆಮೇಲೆ ಅತ್ತೆ ನನ್ನ ಹತ್ತಿರ ಬಾಯಿಬಿಟ್ಟರು. ಹುಡುಗಿ ಕೂಸಿನ ಮುಖ ನೋಡುವುದಿಲ್ಲವಂತೆ. ಹತ್ತಿರ ತಂದರೆ ಗೋಡೆಯ ಕಡೆ ತಿರುಗುತ್ತಾಳಂತೆ. ಊಟವಿಲ್ಲ, ನಿದ್ದೆಯಿಲ್ಲ. ಅವಳ ತಾಯಿ ದೃಷ್ಟಿಯಾಗಿದೆ ಅಂತ ನಿವಾಳಿಸಿ, ದಾರ ಕಟ್ಟಿಸಿದ್ದಾರಂತೆ. ನಾನು ಬರಲಾ ಎಂದು ಕೇಳಿದೆ. "ನೀನು ಬಂದ್ರೆ ಹೆದ್ರುಕೊತ್ತಾಳೆ. ನಾಳೆ ನಾನೇ ಒಸಿ ಹೊತ್ತು ಕೂತ್ಕತೀನಿ," ಅಂದರು.

ಮರುದಿನ ನಡೆದದ್ದನ್ನು ಅವರೇ ನನಗೆ ಹೇಳಿದ್ದು. ಕೂಸನ್ನು ಮಲಗಿಸಿ, ಹುಡುಗಿಯ ತಾಯಿಯನ್ನು ಸಬ್ಬಸಿಗೆ ಸೊಪ್ಪು ತರಲು ಪೇಟೆಗೆ ಕಳಿಸಿ, ಅತ್ತೆ ಮಂಚದ ಪಕ್ಕ ನೆಲದ ಮೇಲೆ ಕೂತರಂತೆ. ಏನೂ ಮಾತಾಡಲಿಲ್ಲವಂತೆ. ಬಹಳ ಹೊತ್ತಾದ ಮೇಲೆ ಹುಡುಗಿ ಗೋಡೆ ನೋಡಿಕೊಂಡೇ ಹೇಳಿದಳಂತೆ, "ಈ ಕೂಸಿಗೆ ನಾನಿಲ್ದೆ ಇದ್ರೇ ವಾಸಿ ಅಜ್ಜಿ."

'ಬುಡ್ತು ಅನ್ನು' ಅನ್ನುವ ಮಾತು ಅತ್ತೆಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಹುಡುಗಿಯ ಕೈ ಹಿಡಿದು ಕೇಳಿದರು.

"ಸಾಯ್ಬೇಕು ಅನ್ನುಸ್ತಾ ಐತಾ ಮಗ?"

ಹುಡುಗಿ ತಿರುಗಿ ಅವರನ್ನೇ ನೋಡಿದಳಂತೆ. ಹೂಂ ಅಂದಳಂತೆ. ಅಂದವಳು, ಹೆರಿಗೆಯಾದ ಮೇಲೆ ಮೊದಲ ಸಲ ಗೋಳೋ ಅಂತ ಅತ್ತುಬಿಟ್ಟಳಂತೆ.

ನಾನು ಕೆಂಪಾಪುರದಲ್ಲಿದ್ದೆ. ಅತ್ತೆಯ ಫೋನು ಬಂತು. "ಬಿರ್‍ನೆ ಬಾ. ಇವಳನ್ನ ಬುಟ್ಟು ನಾನು ಏಳಾಕಿಲ್ಲ," ಅಂದರು. ತರಬೇತಿಗೆ ಬಂದಿದ್ದವರಿಗೆ ಕೈಮುಗಿದು ಸಿಕ್ಕಿದ ಬಸ್ಸು ಹತ್ತಿದೆ. ನಾನು ತಲುಪಿದಾಗ ಅತ್ತೆ ಮಂಚದ ಮೇಲೆ ಕೂತಿದ್ದರು, ಹುಡುಗಿ ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ತಾಯಿ ಸೊಪ್ಪಿನ ಕಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಇವತ್ತೇ ಆಸ್ಪತ್ರೆಗೆ ಕರೆದೊಯ್ಯೋಣ ಅಂದೆ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಬೀಗರು ಏನಂದಾರು ಎಂಬುದೇ ಆ ತಾಯಿಯ ಚಿಂತೆ. ಅತ್ತೆ ಜೋರು ಮಾಡಲಿಲ್ಲ.

"ಕೂಸಿಗೆ ಜ್ವರ ಬಂದ್ರೆ ಕರ್ಕಂಡೋಗಾಕಿಲ್ವಾ? ಇದೂ ಅಂಗೇಯ. ನಾನೂ ಬತ್ತೀನಿ, ನಡಿಯವ್ವ."

ಅಂದೇ ಕಾರು ಮಾಡಿಕೊಂಡು ರಾಮನಗರದ ಆಸ್ಪತ್ರೆಗೆ ಹೋದೆವು. ಹೆರಿಗೆಯಾದ ಮೇಲೆ ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ, ವಾಸಿಯಾಗುತ್ತದೆ ಎಂದು ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ತಾಯಿ ಮಗು ಇಬ್ಬರನ್ನೂ ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಚನ್ನಪಟ್ಟಣದಿಂದ ಗಂಡ ಓಡಿ ಬಂದ. ಹುಡುಗಿಯ ತಾಯಿ ಅಷ್ಟು ಹೆದರಿದ್ದರೂ ಅವನು ಒಂದು ಕೊಂಕು ಮಾತನ್ನೂ ಆಡಲಿಲ್ಲ. ಕೂಸಿನ ಬಟ್ಟೆ ಒಗೆದುಕೊಂಡು ಅಲ್ಲೇ ಉಳಿದ.

ಮಾತ್ರೆ ತೆಗೆದುಕೊಂಡ ಕೂಡಲೇ ಎಲ್ಲ ಸರಿಹೋಗಲಿಲ್ಲ. ತವರಿಗೆ ಮರಳಿದ ಮೇಲೂ ಒಂದು ದಿನ ಹಗುರವಾಗಿದ್ದರೆ ಮರುದಿನ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದಳು. ಕಾರ್ತಿಕದ ಒಂದು ಬೆಳಿಗ್ಗೆ, ನೀರು ಹಾಕಿ ಹಳೆ ಸೀರೆಯಲ್ಲಿ ಸುತ್ತಿದ್ದ ಕೂಸಿಗೆ ತಾನಾಗಿಯೇ ಕೈ ಚಾಚಿದಳಂತೆ. ಅತ್ತೆ ಅದನ್ನು ನನಗೆ ಎರಡೆರಡು ಸಲ ಹೇಳಿದರು.

ಸಂಕ್ರಾಂತಿ ಕಳೆದು ಹುಡುಗಿ ಮಗುವಿನೊಂದಿಗೆ ಗಂಡನ ಮನೆಗೆ ಹೊರಟಳು. ಅವಳನ್ನು ಕಳಿಸಿದ ಮಧ್ಯಾಹ್ನ ಅವಳ ತಾಯಿ ಒಂದು ಚೀಲ ಅವರೆಕಾಯಿ ಹೊತ್ತು ನಮ್ಮ ಮನೆಗೆ ಬಂದರು. ಮೂವರೂ ಜಗಲಿಯ ಮೇಲೆ ಕೂತು ಸುಲಿಯತೊಡಗಿದೆವು. ಮೊಮ್ಮಗಳ ಮಾತು, ಅವರೆಯ ಸೊಗಡಿನ ಮಾತು ಎಲ್ಲ ಮುಗಿದ ಮೇಲೆ ಆಕೆ ತಲೆ ಬಗ್ಗಿಸಿಕೊಂಡೇ ಹೇಳಿದರು, "ಇವಳನ್ನ ಹೆತ್ತಾಗ ನಂಗೂ ಹಿಂಗೇ ಆಗಿತ್ತು ಕಣಕ್ಕ. ಯಾರೂ ಕೇಳ್ನಿಲ್ಲ."

ಅತ್ತೆ ಮೊರವನ್ನು ಆಚೆ ಸರಿಸಿ ಅವರ ಪಕ್ಕಕ್ಕೆ ಜರುಗಿ ಕೂತರು.